ಹದಿನೇಳು ಪಾಯಿಂಟ್ ಆರು

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ.
ದೇರಳಕಟ್ಟೆಯಲ್ಲಿ ಮಾತ್ರ
ಬೆಟ್ಟ ಅಗೆದು ಇಲಿ ಸಾಕಿದ್ದಾರೆ:
ಮುರಕಲ್ಲು ಕಡಿದ ಜಾಗದಲ್ಲಿ ಮೂರು ಮಹಡಿ,
ಎಲ್ಲಕ್ಕಿಂತ ಕೆಳಗೆ ನಾನು, ನಲವತ್ತು ಪಂಜರ,
ಸ್ವಿಚ್ಚು ಒತ್ತಿದರೆ ಹಗಲು.
ಹೊರಗೆ ಮೇ ತಿಂಗಳ ಸೆಕೆ.
ಒಳಗಿನವಕ್ಕೆ ಮೇ ಎಂದರೆ ಎಂತ ಅಂತಲೇ ಗೊತ್ತಿಲ್ಲ.

"ಹಿಡ್ಕೊಳ್ಳಿ ದೂಮಣ್ಣ" ಎನ್ನುತ್ತಾರೆ ಸಫ್ರೀನಾ ಮೇಡಂ.
ನಿದ್ದೆಗೆ ಜಾರಿದ ಇಲಿಯ ಮೂಗಿಗೆ
ಒಂದು ತೊಟ್ಟಿಗಿಂತ ಕಡಿಮೆ ನೀರು,
ಅದರೊಳಗೆ ನಮ್ಮ ಜ್ವರ.
ಇಲಿ ಒಳಕ್ಕೆಳೆದುಕೊಳ್ಳುತ್ತದೆ,
ಯಾರೋ ಆಡಿದ ಮಾತು ನಿದ್ದೆಯಲ್ಲಿ ಕೇಳಿಸಿದ ಹಾಗೆ.
ಬದಿಯ ಪಂಜರದವಕ್ಕೆ ಬರೀ ಉಪ್ಪುನೀರು.

ಮೊದಮೊದಲು ನಮ್ಮ ಫ್ಲೂಗೆ ಇಲಿಯ ಭಾಷೆ ಬರುತ್ತಿರಲಿಲ್ಲವಂತೆ.
ಒಂದರ ಶ್ವಾಸಕೋಶದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ
ದಾಟಿಸಿ ದಾಟಿಸಿ ಕಲಿಸಿದರಂತೆ;
ಬಂದರಿಗೆ ಬಂದಿಳಿದ ಗುಜರಾತಿ ಸೇಟು
ಅಂಗಡಿ ಅಂಗಡಿ ಹತ್ತಿಳಿದು ತುಳು ಕಲಿತ ಹಾಗೆ,
ಮೊದಲು ಲೆಕ್ಕ, ಆಮೇಲೆ ಬೈಗುಳ.
ಹತ್ತನೆಯ ಇಲಿಯ ಹೊತ್ತಿಗೆ ಸರಾಗ.

ಅದೇ ಬಂದರಿನ ಅಕ್ಕಿ ಗೋದಾಮಿನಲ್ಲಿ ನನ್ನ ಅಪ್ಪ
ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಬೋನು ಇಡುತ್ತಿದ್ದ.
ಬೆಳಿಗ್ಗೆ ಬೋನು ಸಮೇತ ಬಕೆಟ್ಟಿಗೆ.
ಎಣಿಸಿದ್ದಿಲ್ಲ. ತೂಗುತ್ತಿದ್ದದ್ದು ಅಕ್ಕಿಯನ್ನು.
ಬಾಲ ಹಿಡಿದು ಕಾಗೆಗೆ ಎಸೆದು
ಕೈ ತೊಳೆದು ಗಂಜಿ ಉಣ್ಣುತ್ತಿದ್ದ, ಸುಖವಾಗಿ.

ನನಗೆ ಹಾಗಿಲ್ಲ. ದಿನಾ ಹತ್ತು ಗಂಟೆಗೆ ತೂಕ.
ಮೊದಲ ದಿನ ಇಪ್ಪತ್ತೆರಡು ಗ್ರಾಂ.
ಐದರಲ್ಲೊಂದು ಪಾಲು ಕರಗಿದರೆ ನಿಲ್ಲಿಸಬೇಕು.
ನಿಲ್ಲಿಸುವುದು ಎಂಬುದಕ್ಕೆ ಇಲ್ಲಿ ಬೇರೆ ಅರ್ಥ ಉಂಟು.
ಹದಿನೇಳು ಪಾಯಿಂಟ್ ಆರು:
ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ್ದು.

ಇಲಿ ಕೆಮ್ಮುವುದಿಲ್ಲ. ಸೀನುವುದಿಲ್ಲ.
ಮೈ ಕಾಯುವುದೂ ಇಲ್ಲ ಮಾರಾಯ್ರೆ,
ತಣ್ಣಗಾಗುತ್ತದೆ.
ನಾಲ್ಕನೆಯ ದಿನ ರೋಮ ನಿಮಿರಿ, ಬೆನ್ನು ಬಿಲ್ಲಾಗಿ
ಮೂಲೆಯಲ್ಲಿ ಕೂರುತ್ತದೆ,
ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸು ತಪ್ಪಿದವನ ಹಾಗೆ.

ಏಳನೆಯ ಪಂಜರದ್ದೊಂದು, ಎಡಗಿವಿಗೆ ತೂತು.
ಹೆಸರಿಡಬಾರದು ಅಂತ ಹೊಸಬರಿಗೆ ಹೇಳುವುದು ನಾನೇ.
ಇಟ್ಟಿಲ್ಲ.
ಆದರೆ ಮುಚ್ಚಳ ತೆಗೆದಾಗ ಉಳಿದವು ಓಡಿದರೆ
ಅದು ನನ್ನ ಕೈಗವಸಿನ ಬೆರಳನ್ನು ಮೂಸುತ್ತಿತ್ತು,
ಮೀನು ಕೊಳ್ಳುವ ಮೊದಲು ಕಿವಿರು ಎತ್ತಿ ನೋಡುವವರ ಗಾಂಭೀರ್ಯದಲ್ಲಿ.

ಐದನೆಯ ದಿನ ನನ್ನದೇ ಮೈ ಕಾದಿತು.
ಮೇಡಂ ಬಾಗಿಲಲ್ಲೇ ತಡೆದರು:
"ಮನೆಗೆ ಹೋಗಿ ದೂಮಣ್ಣ, ಇಲಿಗಳಿಗೆ ತಗಲೀತು."
ಆಮೇಲೆ ತಾವೇ ನಕ್ಕು
ನಗುವನ್ನು ಅರ್ಧಕ್ಕೆ ಬಿಟ್ಟರು.

ತೊಕ್ಕೊಟ್ಟಿನ ಮನೆಯಲ್ಲಿ ಮೂರು ದಿನ
ಕಂಬಳಿ, ಕಾಳುಮೆಣಸಿನ ಕಷಾಯ,
ವಾರಿಜ ಹಣೆಗೆ ಕೈ ಇಟ್ಟು ತೆಗೆಯುವುದು, ಇಟ್ಟು ತೆಗೆಯುವುದು.
ನನ್ನನ್ನು ಯಾರೂ ತೂಗಲಿಲ್ಲ.
ಹತ್ತು ಗಂಟೆಗೆ ಫೋನ್ ಮಾಡುತ್ತಿದ್ದೆ:
ಏಳರದ್ದು ಎಷ್ಟು?
ಹದಿನೆಂಟು ಪಾಯಿಂಟ್ ಒಂದು.
ಮರುದಿನ, ಹದಿನೇಳು ಪಾಯಿಂಟ್ ಎಂಟು.
ಮೂರನೆಯ ದಿನ ತುಸು ಹೊತ್ತು ಮಾತೇ ಇಲ್ಲ,
ಹಿಂದೆ ಎ.ಸಿ.ಯ ಸದ್ದು.
"ಹದಿನೆಂಟು" ಎಂದರು. "ತಿಂದಿದೆ. ನೀವು?"

ಬದುಕಿತು.
ಬದುಕಿದ್ದನ್ನೂ ಹದಿನಾಲ್ಕನೆಯ ದಿನ ಕೊಡಬೇಕು,
ಗೆದ್ದ ಶ್ವಾಸಕೋಶ ಹೇಗಿರುತ್ತದೆ ಅಂತ ನೋಡಲಿಕ್ಕೆ.
ನಾನೇ ಹಿಡಿದುಕೊಂಡೆ.
ಗುರುತಿನ ಕೈಯಾದರೆ ಹೆದರಿಕೆ ಕಡಿಮೆ ಎನ್ನುತ್ತಾರೆ;
ಯಾರ ಹೆದರಿಕೆ ಅಂತ ಹೇಳುವುದಿಲ್ಲ.
ಮುಂದೆ ಯಾವುದೋ ಪತ್ರಿಕೆಯಲ್ಲಿ ಅದು
ಇಳಿದು ಏರುವ ಗೆರೆಯೊಂದರ ಎಂಟನೆಯ ಪಾಲು.

ಸಂಜೆ ಪಂಜರ ತೊಳೆದು ಬೋರಲು ಹಾಕಿದೆ.
ತಕ್ಕಡಿ ಒರೆಸಿದೆ. ಸೊನ್ನೆ ತೋರಿಸಿತು.
ಮುಚ್ಚುವ ಮೊದಲು ಒಂದು ಕೆಮ್ಮು ಬಂತು,
ಹೋದ ಜ್ವರದ ಬಾಕಿ.
ಮುಖ ತಿರುಗಿಸಿಕೊಂಡೆ, ಮುಖಗವಸೂ ಇತ್ತು.
ಆದರೂ ತಕ್ಕಡಿ ಬರೆದುಕೊಂಡಿತು:
ಸೊನ್ನೆ ಪಾಯಿಂಟ್ ಒಂದು.